ಆಯಾ ದಸ್ತಗಿರಮ್ಮನ ದಣಿವು

ದಸ್ತಗಿರಮ್ಮ ಆಸ್ಪತ್ರೆಯ ಕೆಲಸ ಬಿಟ್ಟ ವರ್ಷ ಕಂಡವರೆಲ್ಲ, ಇನ್ನು ಆರಾಮಾಗಿ ಮಲಗು ಅಂದಿದ್ದರು. ಆಕೆ ಮಲಗಿದಳು. ಮೊದಮೊದಲು ಮಧ್ಯಾಹ್ನ ಮಾತ್ರ, ಆಮೇಲೆ ಬೆಳಿಗ್ಗೆಯೂ. ಚಳಿಗಾಲ ಬರುವಷ್ಟರಲ್ಲಿ ಹಾಸಿಗೆಯಿಂದ ಏಳುವುದೇ ಒಂದು ಕೆಲಸವಾಯಿತು. ಮುಂದೆ ಆ ಕೆಲಸವೂ ಆಕೆಯ ಕೈಲಾಗದೆ ಹೋಯಿತು.

ಆದೋನಿಯ ಒಂದು ಆಸ್ಪತ್ರೆಗೆ ಮದುವೆಯಾದ ಹೊಸದರಲ್ಲಿ ಸೇರಿದ್ದವಳು ತಲೆಗೂದಲು ಬೆಳ್ಳಗಾಗುವ ತನಕ ಅಲ್ಲೇ ಆಪರೇಷನ್ ಥಿಯೇಟರಿನ ಆಯಾ ಆಗಿದ್ದಳು. ನೆಲ ತೊಳೆಯುವುದು, ರಕ್ತದ ಬಟ್ಟೆ ನೆನೆಹಾಕುವುದು ಆಕೆಯ ಪಾಲಿನ ಕೆಲಸ. ಆದರೆ ಸುತ್ತಲ ಹಳ್ಳಿಗಳ ಹೆಂಗಸರು ಆಕೆಯನ್ನು ನೆನಪಿಟ್ಟುಕೊಂಡದ್ದು ಬೇರೆಯದಕ್ಕೆ. ಕೋಸಗಿ, ದೇವನಕೊಂಡ ಕಡೆಯಿಂದ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಹೆಂಗಸರು ಬರುತ್ತಿದ್ದ ಕಾಲದಲ್ಲಿ ಅವರಿಗೆ ಮತ್ತು ಬರಿಸಲು ಕೆಟಮಿನ್ ಸೂಜಿ ಕೊಡುತ್ತಿದ್ದರು. ಆಪರೇಷನ್ ಮುಗಿದ ಮೇಲೆ ಅವರನ್ನು ಪಕ್ಕದ ಕೋಣೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಸೂಜಿಯ ಮತ್ತು ಇಳಿಯುವ ಹೊತ್ತಿಗೆ ಅವರು ಏನೇನೋ ಮಾತಾಡುತ್ತಿದ್ದರು. ಕೋಸಗಿಯ ಸುಂಕಮ್ಮನೆಂಬ ಹುಡುಗಿ ತನ್ನ ಎರಡೂ ಕಾಲು ರೈಲ್ವೆ ಸ್ಟೇಷನ್ನಿನಲ್ಲೇ ಉಳಿದುಬಿಟ್ಟಿವೆ, ಯಾರಾದರೂ ಹೋಗಿ ತನ್ನಿ ಎಂದು ಅತ್ತಿದ್ದಳು. ಇನ್ನೊಬ್ಬಳು ಹೆತ್ತ ಮಗುವನ್ನೇ ಗುರುತು ಹಿಡಿಯದೆ ಗೋಡೆಯ ಕಡೆ ಹೊರಳಿದ್ದಳು. ದಸ್ತಗಿರಮ್ಮ ಒಬ್ಬೊಬ್ಬರ ಪಕ್ಕದಲ್ಲೂ ಕೂತು ಕೈ ಹಿಡಿದುಕೊಂಡು, ಇದು ಆದೋನಿ, ನಿನ್ನ ಆಪರೇಷನ್ ಆಗೈತಿ, ನಿನ್ನ ಕಾಲು ಇಲ್ಲೇ ಅದಾವ ನೋಡು ಎಂದು ಹೇಳುತ್ತಿದ್ದಳು. ಹಾಗೆ ಹೇಳಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಎಚ್ಚರವಾದ ಹೆಂಗಸರಿಗೆ ತಾವು ಆಡಿದ್ದು ನೆನಪಿರುತ್ತಿರಲಿಲ್ಲ. ಆಕೆಗೆ ನೆನಪಿರುತ್ತಿತ್ತು. ಯಾರ ಮುಂದೆಯೂ ಆಡಲಿಲ್ಲ.

ಗಂಡ ನರಸಣ್ಣ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸಿನ ಹತ್ತಿರ ಇಡೀ ದಿನ ನಿಂತು, ಸಂಜೆ ರೆಪ್ಪೆಗೆಲ್ಲ ಹತ್ತಿ ಅಂಟಿಸಿಕೊಂಡು ಮನೆಗೆ ಬರುವ ಮನುಷ್ಯ. ಒಬ್ಬಳೇ ಮಗಳು ಶಿವಲಕ್ಷ್ಮಿಯನ್ನು ಬಳ್ಳಾರಿಗೆ ಕೊಟ್ಟಿತ್ತು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ಕಾಯಿಲೆ ಯಾವಾಗ ಶುರುವಾಯಿತೆಂದು ಕೇಳಿದರೆ ನರಸಣ್ಣನಿಗೆ ಹೇಳಲು ಬರುತ್ತಿರಲಿಲ್ಲ. ಸಾವು ನೋವು ಯಾವುದೂ ಆಗಿರಲಿಲ್ಲ. ಜಗಳವಾಗಿರಲಿಲ್ಲ. ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟಳು, ಅನ್ನ ಇಟ್ಟಳು. ಅನ್ನ ಇಡುವುದನ್ನೂ ಬಿಟ್ಟಳು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಕೈ ಭಾರ ಎನ್ನುತ್ತಿದ್ದಳು. ಊಟಕ್ಕೆ ಕೂರಿಸಿದರೆ ತುತ್ತು ಬಾಯಲ್ಲಿಟ್ಟುಕೊಂಡು ನುಂಗುವುದನ್ನು ಮರೆತವಳ ಹಾಗೆ ಕೂತಿರುತ್ತಿದ್ದಳು. ಹಳೆಯ ಜೊತೆಗಾರ್ತಿ ಜಂಬಮ್ಮ, ಅವಳೂ ಅದೇ ಆಸ್ಪತ್ರೆಯ ಆಯಾ, ಹೂ ತಂದುಕೊಟ್ಟು ಮಾತಾಡಿಸಿ ಹೋಗುತ್ತಿದ್ದಳು. ಹೂ ಬಾಗಿಲ ಪಕ್ಕದ ಗೂಡಿನಲ್ಲೇ ಒಣಗುತ್ತಿತ್ತು.

ಶಿವಲಕ್ಷ್ಮಿ ಫೋನಿನಲ್ಲಿ ತಾಯಿಯ ಮುಖ ನೋಡಿ ಗಾಬರಿಯಾಗಿ ಬಂದಳು. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ನೋಡಿಸಿದರು. ಎಲ್ಲ ಸರಿಯಾಗಿತ್ತು. ಹುಟ್ಟಿದಾಗ ಯಾವ ದರ್ಗಾಕ್ಕೆ ಹರಕೆ ಹೊತ್ತು ಆಕೆಗೆ ಆ ಹೆಸರಿಟ್ಟಿದ್ದರೋ ಅಲ್ಲಿಗೂ ಕರೆದೊಯ್ದು ತೋಳಿಗೆ ದಾರ ಕಟ್ಟಿಸಿಕೊಂಡು ಬಂದರು. ಕೊನೆಗೆ ಕರ್ನೂಲಿನ ಮಾನಸಿಕ ವೈದ್ಯರೊಬ್ಬರು ಇದು ಖಿನ್ನತೆ ಎಂದು ಹೇಳಿ ಮಾತ್ರೆ ಬರೆದರು. ಆ ಮಾತ್ರೆಯಿಂದ ನಿದ್ದೆ ಸ್ವಲ್ಪ ಸರಿಹೋಯಿತು, ಮಿಕ್ಕದ್ದು ಹಾಗೇ ಉಳಿಯಿತು. ತಿಂಗಳುಗಳ ಮೇಲೆ ಅದನ್ನು ಬದಲಿಸಿ ಬೇರೆ ಕೊಟ್ಟರು. ಎರಡನೆಯದರಿಂದ ಒಂದಿಷ್ಟು ದಿನ ಆಕೆ ಹೊರಗೆ ಕಟ್ಟೆಯ ಮೇಲೆ ಬಂದು ಕೂರುವಂತಾಗಿ, ಮತ್ತೆ ಒಳಗೆ ಹೋದಳು.

ಈ ನಡುವೆ ನರಸಣ್ಣ ಅಡುಗೆ ಕಲಿತ. ಬೆಳಿಗ್ಗೆ ಒಲೆ ಹಚ್ಚಿ, ನೀರು ತುಂಬಿಟ್ಟು, ಹೆಂಡತಿಯ ಮುಖ ತೊಳೆಸಿ, ಮಾತ್ರೆ ಕೊಟ್ಟು ಮಿಲ್ಲಿಗೆ ಹೋಗುತ್ತಿದ್ದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ಲು ಹತ್ತಿ ಮನೆಗೆ ಬಂದು, ಆಕೆ ಉಂಡಿದ್ದಾಳೋ ಇಲ್ಲವೋ ನೋಡಿ ಹೋಗುತ್ತಿದ್ದ. ಹೇಗಿದ್ದಾಳೆಂದು ಮಿಲ್ಲಿನವರು ಕೇಳಿದರೆ ಅದಾಳ ಎನ್ನುತ್ತಿದ್ದ.

ಒಂದು ಭಾನುವಾರ ಆದೋನಿಗೆ ಬಂದಿದ್ದ ಶಿವಲಕ್ಷ್ಮಿ ತಾಯಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ದಸ್ತಗಿರಮ್ಮ ಬೆನ್ನು ಮಾಡಿ ಕೂತೇ ಮಾತಾಡಿದಳು.

"ನಾ ಇಲ್ಲಂದ್ರ ನಿಮ್ಮಪ್ಪ ಒಂದಿಷ್ಟು ಮಲಕ್ಕೊಂತಾನ."

ಶಿವಲಕ್ಷ್ಮಿಯ ಕೈ ನಿಂತಿತು. ಏನು ಹಂಗಂದ್ರ ಎಂದು ಕೇಳಿದಳು. ಮಗಳು ಅಂದೇ ಅಪ್ಪನನ್ನು ಹೊರಗೆ ಕರೆದು, ಇನ್ನು ಅವ್ವನನ್ನು ಒಬ್ಬಳನ್ನೇ ಬಿಡಬಾರದು, ಬಳ್ಳಾರಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ನಾಳೆಯೇ ಹೋಗೋಣ ಎಂದಳು. ಮರುದಿನ ಮೂವರೂ ಆಲೂರಿನ ಮೇಲೆ ಹೋಗುವ ಬಸ್ಸು ಹತ್ತಿದರು. ದಸ್ತಗಿರಮ್ಮ ಕಿಟಕಿಗೆ ಹಣೆಯಿಟ್ಟು ಕೂತಳು. ರಸ್ತೆ ಕುಲುಕಿದಾಗೆಲ್ಲ ಹಣೆ ಕಂಬಿಗೆ ಬಡಿಯುತ್ತಿತ್ತು, ಆಕೆ ಹಣೆ ಸರಿಸಲಿಲ್ಲ. ನರಸಣ್ಣ ನಡುವೆ ತನ್ನ ಅಂಗೈ ಇಟ್ಟ.

ಡಾಕ್ಟರ್ ಭುವನಾ ನಡುವಯಸ್ಸಿನವರು, ಮೆಲ್ಲಗೆ ಮಾತಾಡುವವರು. ದಸ್ತಗಿರಮ್ಮನನ್ನು ಒಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಕೇಳಿದರು. ಬದುಕು ಸಾಕೆನಿಸಿದೆಯಾ ಎಂದೂ ನೇರವಾಗಿ ಕೇಳಿದರು. ಆಕೆ ಹೌದೆಂದು ತಲೆಯಾಡಿಸಿದಳಂತೆ. ಆಮೇಲೆ ಎಲ್ಲರನ್ನೂ ಒಳಗೆ ಕರೆದು, ಎರಡು ಬಗೆಯ ಮಾತ್ರೆಗೂ ಜಗ್ಗದ ಖಿನ್ನತೆ ಇದು, ಇದಕ್ಕೆ ದಾರಿಗಳಿವೆ ಎಂದರು. ಕರೆಂಟಿನ ಚಿಕಿತ್ಸೆ ಒಂದು, ಜನ ಹೆದರಿದಷ್ಟು ಅದೇನೂ ಕೆಟ್ಟದ್ದಲ್ಲ. ಇನ್ನೊಂದು, ಕೆಟಮಿನ್ ಎಂಬ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಸಲೈನಿನ ಜೊತೆ ನಿಧಾನವಾಗಿ ರಕ್ತಕ್ಕೆ ಬಿಡುವುದು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ದಸ್ತಗಿರಮ್ಮ ಆ ಹೆಸರಿಗೆ ತಲೆಯೆತ್ತಿದಳು.

"ಅದು ಮತ್ತಿನ ಸೂಜಿ ಅಲ್ಲೇನ್ರಿ. ನನಗ ಬ್ಯಾಡ."

ಡಾಕ್ಟರು ಯಾಕೆ ಎಂದರು. ತಾಯಿ ಆಪರೇಷನ್ ಥಿಯೇಟರಿನ ಆಯಾ ಆಗಿದ್ದವಳೆಂದು ಶಿವಲಕ್ಷ್ಮಿ ಹೇಳಿದ ಮೇಲೆ ಡಾಕ್ಟರಿಗೆ ಸ್ವಲ್ಪ ತಿಳಿಯಿತು. ಆಪರೇಷನ್ನಿಗೆ ಕೊಡುವುದಕ್ಕಿಂತ ಇದು ಬಹಳ ಕಡಿಮೆ, ಪೂರ್ತಿ ಎಚ್ಚರ ತಪ್ಪುವುದಿಲ್ಲ, ಮೈ ದೂರ ಹೋದ ಹಾಗೆ ಅನ್ನಿಸಬಹುದು, ಬಿ.ಪಿ. ಏರಬಹುದು, ವಾಕರಿಕೆ ಬರಬಹುದು, ಅದಕ್ಕೇ ಮತ್ತಿನ ಡಾಕ್ಟರು ಪಕ್ಕದಲ್ಲೇ ಇರುತ್ತಾರೆ ಎಂದು ಬಿಡಿಸಿ ಹೇಳಿದರು. ಮನೆಯಲ್ಲಿ ತಮ್ಮಷ್ಟಕ್ಕೆ ತಾವು ತೆಗೆದುಕೊಳ್ಳುವ ಔಷಧವಲ್ಲ ಇದು, ಹಾಗೆ ಮಾಡಿ ಚಟ ಹತ್ತಿಸಿಕೊಂಡವರಿದ್ದಾರೆ ಎಂದೂ ಹೇಳಿದರು.

ಮತ್ತಿನ ಸೂಜಿಯಿಂದ ಮನಸ್ಸಿನ ಕಾಯಿಲೆ ಹೇಗೆ ಹೋಗುತ್ತದೆ ಎಂದು ನರಸಣ್ಣ ಕೇಳಿದ.

"ಮೆದುಳಿನಾಗ ನರಕೋಶ ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಇರ್ತಾವ್ರಿ," ಎಂದರು ಡಾಕ್ಟರು. "ಭಾಳ ದಿನ ಖಿನ್ನತೆಯೊಳಗ ಇದ್ದವರಿಗೆ ಆ ಕೊಂಡಿ ಸೊರಗ್ತಾವ. ನೀರು ಕಾಣದ ಗಿಡದ ಟೊಂಗಿ ಹಂಗ. ಈ ಔಷಧ ಬಿದ್ದ ಮ್ಯಾಲ ಹೊಸ ಚಿಗುರು ಬರ್ತಾವ ಅಂತ ಇಲಿ ಮ್ಯಾಲ ಮಾಡಿದ ಪ್ರಯೋಗದಾಗ ಕಂಡಾರ. ಮನುಷ್ಯಾರೊಳಗೂ ಹಂಗ ಆಗತೈತಿ ಅಂತ ಅನ್ಕೊಂಡೀವಿ. ಪೂರ್ತಿ ಗೊತ್ತಿಲ್ಲ."

"ಚಿಗುರಿದ್ದು ಮತ್ತ ಒಣಗತಾವೇನ್ರಿ?"

"ಒಣಗಬಹುದು. ಕೆಲವರಿಗೆ ಏನೂ ಆಗೋದೇ ಇಲ್ಲ. ಆದವರಿಗೂ ಆಗಾಗ ಮತ್ತ ಕೊಡಬೇಕಾಗತೈತಿ. ಮಾತ್ರಿ ಬಿಡಂಗಿಲ್ಲ. ಚಿಗುರಿದಾಗ ನಡೆಯೋದು, ಮಂದಿ ಜೊತಿ ಮಾತಾಡೋದು, ಕೆಲಸ ಹಿಡಿಯೋದು, ಅವೂ ಬೇಕು."

ನರಸಣ್ಣನಿಗೆ ಡಾಕ್ಟರ ಮೇಲೆ ನಂಬಿಕೆ ಬಂದದ್ದು ಆಗಲೇ. ಅಲ್ಲಿಯವರೆಗೆ ಎಲ್ಲರೂ ಗ್ಯಾರಂಟಿ ಕೊಟ್ಟಿದ್ದರು. ಗೊತ್ತಿಲ್ಲ ಎಂದು ಹೇಳಿದವರು ಇವರೊಬ್ಬರೇ. ಆದರೆ ಅವನು ಹೆಂಡತಿಯನ್ನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವಷ್ಟು ಶಕ್ತಿ ಅವನಲ್ಲೂ ಉಳಿದಿರಲಿಲ್ಲ. ಅವತ್ತು ಆಕೆಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು.

ಮರುದಿನ ಮಗಳ ಹತ್ತಿರ ಆಕೆ ಬಾಯಿಬಿಟ್ಟಳು. ಆ ಸೂಜಿಯಲ್ಲಿ ಏನು ಮಾತು ಹೊರಬರುತ್ತದೆಂದು ನಾನು ಕೇಳಿದ್ದೇನೆ, ನನ್ನ ಬಾಯಿಂದ ಏನು ಬರುತ್ತದೋ, ಅದನ್ನು ನಿಮ್ಮಪ್ಪ ಕೇಳಬಾರದು ಎಂದಳು. ಏನು ಬರಬಹುದು ಎಂದು ಶಿವಲಕ್ಷ್ಮಿ ಕೇಳಲಿಲ್ಲ. ಅಪ್ಪನನ್ನು ಹೊರಗೇ ಕೂರಿಸುತ್ತೇನೆ, ನಾನೊಬ್ಬಳೇ ಒಳಗಿರುತ್ತೇನೆ, ಕೇಳಿದ್ದನ್ನು ಅಲ್ಲೇ ಬಿಟ್ಟು ಬರುತ್ತೇನೆ ಎಂದು ಮಾತು ಕೊಟ್ಟಳು. ಅದಕ್ಕೆ ದಸ್ತಗಿರಮ್ಮ ಒಪ್ಪಿದಳು. ಒಪ್ಪಿದ್ದು ಆಸೆಯಿಂದಲ್ಲ, ಬೇಡವೆಂದು ವಾದ ಮಾಡಲಾರದ ಆಯಾಸದಿಂದ.

ಮೊದಲ ದಿನ ಬೆಳಗಿನಿಂದ ಏನೂ ತಿನ್ನಿಸದೆ ಮಲಗಿಸಿದರು. ಕೈಗೆ ಸೂಜಿ ಚುಚ್ಚಿ, ಬೆರಳಿಗೆ ಕ್ಲಿಪ್ಪು ಹಾಕಿ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಔಷಧ ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ತನ್ನ ಕೈ ತನ್ನದಲ್ಲ ಅನ್ನಿಸಿತು ಎಂದು ಆಕೆ ಆಮೇಲೆ ಹೇಳಿದಳು. ಹಾಸಿಗೆ ಉದ್ದವಾಗುತ್ತ ಹೋಗಿ, ತನ್ನ ಪಾದಗಳು ಎಲ್ಲೋ ಮೈಲಿಯಾಚೆ ಇದ್ದ ಹಾಗೆ. ಮೇಲಿನ ದೀಪ ನೀರೊಳಗಿದ್ದ ಹಾಗೆ. ಹೆದರಿಕೆ ಆಗಲಿಲ್ಲ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇನ್ನೂ ಇತ್ತು, ಆದರೆ ಅದು ಬೇರೆ ಯಾರದೋ ಎದೆಯ ಮೇಲಿತ್ತು. ಬಾಯಿಂದ ಬಂದ ಮಾತು ಒಂದೇ, ಅದೂ ತೆಲುಗಿನಲ್ಲಿ: ನಲ್ಲಿಯಲ್ಲಿ ನೀರು ಬಿಟ್ಟಿದ್ದಾರಾ ನೋಡು. ಶಿವಲಕ್ಷ್ಮಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಅವಳು ತಾಯಿಯ ಕೈ ಹಿಡಿದುಕೊಂಡು, ಇದು ಬಳ್ಳಾರಿ, ನಾನು ಶಿವಲಕ್ಷ್ಮಿ ಎಂದು ಹೇಳುತ್ತ ಕೂತಳು.

ಔಷಧದ ಮತ್ತು ಇಳಿದ ಮೇಲೆ ನರಸಣ್ಣನನ್ನು ಒಳಗೆ ಬಿಟ್ಟರು. ಆಕೆ ವಾಂತಿ ಮಾಡಿಕೊಂಡು ಸುಸ್ತಾಗಿದ್ದಳು. ಆದೋನಿಯ ಬಸ್ಸು ಐದಕ್ಕಂತೆ ಎಂದ. ಆಕೆ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ ಎಂದುಕೊಂಡು ಅವನು ಒಬ್ಬನೇ ಬಸ್ಸು ಹತ್ತಿದ. ಡಾಕ್ಟರು ಆಕೆಯನ್ನು ಕೆಲವು ದಿನ ಮಗಳ ಮನೆಯಲ್ಲಿ, ಕಣ್ಣೆದುರಿಗೇ ಇಟ್ಟುಕೊಳ್ಳಲು ಹೇಳಿದ್ದರು.

ಎರಡನೆಯ ಸಲಕ್ಕೆ ಅವನಿಗೆ ಹೋಗಲಾಗಲಿಲ್ಲ, ಮಿಲ್ಲಿನಲ್ಲಿ ಹತ್ತಿ ಬಂದು ಬಿದ್ದಿತ್ತು. ರಜೆ ಸಿಕ್ಕ ಮೇಲೆ ಬಳ್ಳಾರಿಗೆ ಹೋಗಿ ರಾತ್ರಿ ಅಲ್ಲೇ ಉಳಿದ. ಬೆಳಿಗ್ಗೆ ಮಗಳು ಮಗುವನ್ನು ಶಾಲೆಗೆ ಬಿಡಲು ಹೋದಾಗ, ಉಗ್ಗಾಣಿ ಮಾಡಿಬಿಡೋಣವೆಂದು ತಾನೇ ಮಂಡಕ್ಕಿ ನೆನೆಸಿ, ಒಗ್ಗರಣೆಗೆ ಉಳ್ಳಾಗಡ್ಡಿ ಹಾಕಿ ನಿಂತಿದ್ದ. ಹಿಂದಿನಿಂದ ದನಿ ಬಂತು.

"ಉಳ್ಳಾಗಡ್ಡಿ ಹೊತ್ತಿ ವಾಸನಿ ಬರಾಕತ್ತೈತಿ. ಉರಿ ಸಣ್ಣ ಮಾಡ್ರಿ."

ನರಸಣ್ಣ ತಿರುಗಿ ನೋಡಿದ. ದಸ್ತಗಿರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ವರ್ಷದಿಂದ ಅವನು ಬೇಯಿಸಿದ್ದನ್ನು ಆಕೆ ಉಪ್ಪಿಲ್ಲದಿದ್ದರೂ ಸೀದಿದ್ದರೂ ಸುಮ್ಮನೆ ಬಾಯಿಗಿಟ್ಟುಕೊಂಡಿದ್ದಳು. ಅವನು ಉರಿ ಸಣ್ಣ ಮಾಡಿದ. ಆಕೆ ಬಂದು ಸೌಟು ಇಸಕೊಂಡು ಎರಡು ಸಲ ತಿರುವಿ, ಸಾಕಾಗಿ, ಮತ್ತೆ ಅವನ ಕೈಗೇ ಕೊಟ್ಟು ಹೋಗಿ ಕೂತಳು. ತಟ್ಟೆಯಲ್ಲಿದ್ದ ಉಗ್ಗಾಣಿಯನ್ನು ಪೂರ್ತಿ ತಿಂದಳು.

ಅಲ್ಲಿಂದ ಮುಂದೆ ಎಲ್ಲ ಸರಳವಾಗಿ ನಡೆಯಿತೆಂದಲ್ಲ. ವಾರಕ್ಕೆರಡು ಸಲದಂತೆ ಕೊಡುತ್ತ ಹೋದರು. ಒಂದು ಸಲ ಬಿ.ಪಿ. ಏರಿದೆಯೆಂದು ಸೂಜಿ ಹಾಕದೆ ವಾಪಸು ಕಳಿಸಿದರು. ಅವತ್ತು ನರಸಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನನ್ನಿಂದ ಇನ್ನು ಆಗುವುದಿಲ್ಲ ಎಂದು ಮಗಳ ಮೇಲೆ ರೇಗಿದ. ಮುಂದಿನ ಸಲ ತಾನೇ ಮೊದಲು ಬಂದು ಕೂತಿದ್ದ. ಚಿಕಿತ್ಸೆಯ ಸುತ್ತು ಮುಗಿದು ಆಕೆ ಆದೋನಿಗೆ ಮರಳಿದ ಮೇಲೆ ಒಂದಷ್ಟು ವಾರ ಚೆನ್ನಾಗಿತ್ತು. ಜಂಬಮ್ಮನ ಜೊತೆ ಸಂಜೆ ನಡೆದುಹೋಗಿ ತರಕಾರಿ ತರುತ್ತಿದ್ದಳು. ನಡುನಡುವೆ ಡಾಕ್ಟರು ಫೋನಿನಲ್ಲಿ ಮಾತಾಡಿಸುತ್ತಿದ್ದರು. ಆಮೇಲೆ ಮೋಡ ಕವಿದ ದಿನಗಳಲ್ಲಿ ಬೆಳಿಗ್ಗೆ ಏಳುವುದು ಮತ್ತೆ ಕಷ್ಟವಾಯಿತು. ಈ ಸಲ ಆಕೆಯೇ ಗಂಡನಿಗೆ, ಮತ್ತ ಬರಾಕತ್ತೈತಿ, ಬಳ್ಳಾರಿಗೆ ಫೋನ್ ಮಾಡ್ರಿ ಎಂದಳು. ಹೋಗಿ ಇನ್ನೊಂದು ಸಲ ಹಾಕಿಸಿಕೊಂಡು ಬಂದಳು. ಬರುವುದನ್ನು ಮೊದಲೇ ಗುರುತಿಸಿದ್ದೇ ದೊಡ್ಡದು ಎಂದು ಡಾಕ್ಟರು ಹೇಳಿದರಂತೆ.

ಹೀಗೆ ಆಕೆ ಸುಧಾರಿಸಿಕೊಳ್ಳುತ್ತಿದ್ದಾಗ ನರಸಣ್ಣ ಕೂತ. ಒಂದು ದಿನ ಮಿಲ್ಲಿನಿಂದ ಬಂದವನು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕೂತು, ಊಟಕ್ಕೆ ಕರೆದರೂ ಏಳಲಿಲ್ಲ. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಗೋಡೆಗೆ ಒರಗಿ ಅಂಗಳ ನೋಡುತ್ತಿದ್ದ. ಆ ನೋಟ ದಸ್ತಗಿರಮ್ಮನಿಗೆ ಗೊತ್ತಿತ್ತು. ಪಕ್ಕದಲ್ಲಿ ಹೋಗಿ ಕೂತಳು.

"ನಿಮಗೂ ನನ್ನಂಗ ಆಗೈತೇನ್ರಿ?"

"ಏನೋ ಗೊತ್ತಿಲ್ಲ. ಕುಂತರ ಏಳಾಕ ಆಗವಲ್ದು."

"ರೊಟ್ಟಿ ಬಡೀತೀನಿ. ತಿಂತೀರಾ?"

"ತಿಂತೀನಿ."

"ಪುಂಡಿಪಲ್ಯ ಐತಿ."

"ಅದೂ ಹಾಕು. ಬಳ್ಳೊಳ್ಳಿ ಚಟ್ನಿ ಇದ್ರ ಅದೂ ಹಾಕು."

ಆಕೆಗೆ ಸ್ವಲ್ಪ ಧೈರ್ಯ ಬಂತು. ತನಗೆ ಆ ದಿನಗಳಲ್ಲಿ ಏನಾದರೂ ಬೇಕೆಂದು ಒಂದು ಸಲವೂ ಅನ್ನಿಸಿರಲಿಲ್ಲ. ಆದರೂ ಸುಮ್ಮನಿರಲಿಲ್ಲ. ಮಗಳಿಗೆ ಹೇಳಿ ಅವನನ್ನೂ ಡಾಕ್ಟರ್ ಭುವನಾ ಹತ್ತಿರ ಕರೆದೊಯ್ದಳು. ಅವರು ಕೇಳುವುದನ್ನೆಲ್ಲ ಕೇಳಿ, ಇದು ಖಿನ್ನತೆ ಅಲ್ಲ, ದಣಿವು, ಇಷ್ಟು ದಿನ ದಣಿಯಲು ಇವರಿಗೆ ಬಿಡುವಿರಲಿಲ್ಲ, ಒಂದು ಹದಿನೈದು ದಿನ ಮಲಗಲಿ, ಆಮೇಲೆ ಮತ್ತೆ ನೋಡೋಣ ಎಂದರು. ನರಸಣ್ಣ ಹದಿನೈದು ದಿನಕ್ಕೂ ಹೆಚ್ಚು ಮಲಗಿದ. ದಸ್ತಗಿರಮ್ಮ ರೊಟ್ಟಿ ಬಡಿದಳು. ಬಡಿಯುವಾಗ ತೋಳು ಬೇಗ ಸೋಲುತ್ತಿತ್ತು. ನಡುವೆ ಹಿಟ್ಟಿನ ಕೈಯಲ್ಲೇ ಕೂತು ಸುಧಾರಿಸಿಕೊಂಡು ಮತ್ತೆ ಬಡಿಯುತ್ತಿದ್ದಳು. ಕೆಲವು ದಿನ ಇಬ್ಬರೂ ಮಧ್ಯಾಹ್ನದ ಬಿಸಿಲಿಗೆ ಒಂದೇ ಗೋಡೆಗೆ ಒರಗಿ ಕೂತಿರುತ್ತಿದ್ದರು. ಸೂಜಿ ಹಾಕುವಾಗ ತನ್ನನ್ನು ಯಾಕೆ ಹೊರಗೆ ಕೂರಿಸಿದ್ದು ಎಂದು ಆಗೊಮ್ಮೆ ನರಸಣ್ಣ ಕೇಳಿದ.

ಆಕೆ ಹೇಳಿದಳು. "ನಿಮ್ಮ ಮುಖ ನೋಡಿದ್ರ ಸಾಯಬೇಕು ಅನ್ನಿಸ್ತಿತ್ತು. ನನ್ನಿಂದ ಹಂಗಾಗಿತ್ತು ನಿಮ್ಮ ಮುಖ. ಅದನ್ನ ಎಲ್ಲಿ ಅಂದುಬಿಡ್ತೀನೋ ಅಂತ."

ಈಗ ಅಂದೆಲ್ಲ, ಆಯ್ತು ಎಂದ ನರಸಣ್ಣ. ಹೊದಿಕೆ ಎಳೆದುಕೊಂಡು ಅಲ್ಲೇ ಅಡ್ಡಾದ.

ಜಂಬಮ್ಮನ ತಂಗಿಯ ಮಗನೊಬ್ಬ ಕಾಲೇಜು ಬಿಟ್ಟು ಮನೆಯಲ್ಲಿ ಕತ್ತಲು ಮಾಡಿಕೊಂಡು ಮಲಗಿದ್ದಾನೆ. ಆ ಸೂಜಿ ಅವನಿಗೂ ಆಗುತ್ತದಾ ಅಕ್ಕಾ ಎಂದು ಜಂಬಮ್ಮ ಕೇಳಿಕೊಂಡು ಬಂದಿದ್ದಳು. ಆಗುತ್ತದೆಂದು ದಸ್ತಗಿರಮ್ಮ ಹೇಳಲಿಲ್ಲ. ತನಗೆ ಏಳಲು ಬಂತು, ಕಾಯಿಲೆ ಪೂರ್ತಿ ಹೋಗಿಲ್ಲ, ಮೊದಲು ಅವನನ್ನು ಡಾಕ್ಟರಿಗೆ ತೋರಿಸಿರಿ, ಅಲ್ಲಿಯತನಕ ಒಬ್ಬನನ್ನೇ ಬಿಡಬೇಡಿರಿ ಎಂದಷ್ಟೇ ಹೇಳಿ, ತಾನೇ ಫೋನ್ ಮಾಡಿ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಕೊಟ್ಟಳು.

ನರಸಣ್ಣ ಮಿಲ್ಲಿಗೆ ಮತ್ತೆ ಹೋಗುತ್ತಿದ್ದಾನೆ, ಪ್ರೆಸ್ಸಿಗಲ್ಲ, ಗೇಟಿನ ಹತ್ತಿರ ಕೂರುವ ಕೆಲಸಕ್ಕೆ. ದಸ್ತಗಿರಮ್ಮ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗುತ್ತಾಳೆ. ಹೋಗುವಾಗ ಒಬ್ಬಳೇ. ಬಸ್‌ ನಿಲ್ದಾಣದಲ್ಲಿ ಮಗಳು ನಿಂತಿರುತ್ತಾಳೆ, ಸೂಜಿ ಹಾಕಿಸಿಕೊಂಡು ಅವಳ ಮನೆಯಲ್ಲೇ ಉಳಿದು ಮಾರನೆಯ ದಿನ ಬರುತ್ತಾಳೆ. ಕಳೆದ ಸಲ ಹೊರಟಾಗ ನರಸಣ್ಣ ಜೊತೆಗೆ ಬರಲೇ ಎಂದು ಎದ್ದು ಕೂತಿದ್ದ. ಬ್ಯಾಡ, ಮಲಕ್ಕೊಳ್ರಿ ಎಂದು ಆಕೆ ಬಾಗಿಲು ಮುಂದಕ್ಕೆಳೆದುಕೊಂಡು ಹೋದಳು.